ಡೆಕ್‌ಗಳನ್ನು ಬಣ್ಣ ನೋಡಿ ವಿಂಗಡಿಸಬೇಡಿ

ಮಾನ್ಯ ಸಂಪಾದಕರೆ,

ಟ್ರೇಡಿಂಗ್ ಕಾರ್ಡ್ ಆಟಗಳ ಬಗ್ಗೆ ನಿಮ್ಮ ವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಕನ್ನಡ ಪತ್ರಿಕೆಯೊಂದು ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟಕ್ಕೆ ಇಷ್ಟು ಜಾಗ ಕೊಟ್ಟದ್ದು ನಮಗೆ ನಿಜಕ್ಕೂ ಸಂತೋಷ ತಂದಿತು. ಆದರೆ ಸ್ಪರ್ಧೆಯ ಡೆಕ್‌ಗಳನ್ನು (ಆಟಗಾರ ಆಡಲು ತರುವ ಕಾರ್ಡ್ ಕಟ್ಟುಗಳನ್ನು) ಕಾರ್ಡ್‌ಗಳ ಬಣ್ಣಕ್ಕೊಂದರಂತೆ ಐದು ಬಗೆಯಾಗಿ ವಿಂಗಡಿಸಿ, ಕೆಂಪು ಎಂದರೆ ದಾಳಿ, ನೀಲಿ ಎಂದರೆ ತಡೆ ಎಂದು ಬರೆದದ್ದು ಸರಿಯಲ್ಲ. ಜರ್ಸಿಯ ಬಣ್ಣ ನೋಡಿ ಆಟಗಾರ ಬೌಲರೋ ಬ್ಯಾಟರೋ ಎಂದು ಹೇಳಲು ಬರುವುದಿಲ್ಲ. ಇದನ್ನು ನಂಬಿ ಟೂರ್ನಿಗೆ ಹೋದ ಹೊಸ ಆಟಗಾರರು ಎರಡನೆಯ ಗೇಮ್‌ಗೆ ಸೈಡ್‌ಬೋರ್ಡ್‌ನಿಂದ (ಗೇಮ್‌ಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕಿಟ್ಟ ಕಾರ್ಡ್‌ಗಳಿಂದ) ತಪ್ಪು ಕಾರ್ಡ್ ತಂದು ಸೋಲುತ್ತಾರೆ. ಹಾಗಾಗಿ ಈ ಪತ್ರ.

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟದ ಸಾಮಾನ್ಯ ಸ್ಪರ್ಧಾ ನಿಯಮಗಳು ಹೀಗಿವೆ: ಡೆಕ್‌ನಲ್ಲಿ ಕನಿಷ್ಠ 60 ಕಾರ್ಡ್, ಬೇಸಿಕ್ ಲ್ಯಾಂಡ್ (ಕಾರ್ಡ್ ಆಡಲು ಬೇಕಾದ ಮಾನಾ ಎಂಬ ಶಕ್ತಿ ಕೊಡುವ ಕಾರ್ಡ್) ಬಿಟ್ಟು ಯಾವ ಕಾರ್ಡೂ ನಾಲ್ಕಕ್ಕಿಂತ ಹೆಚ್ಚಿರಬಾರದು, ಸೈಡ್‌ಬೋರ್ಡ್‌ನಲ್ಲಿ ಹೆಚ್ಚೆಂದರೆ 15, ಇಬ್ಬರಿಗೂ 20 ಲೈಫ್ (ಪೂರ್ತಿ ಕಳೆದುಕೊಂಡವರು ಸೋತಂತೆ), ಆರಂಭದಲ್ಲಿ ಕೈಗೆ ಏಳು ಕಾರ್ಡ್, ಮೂರರಲ್ಲಿ ಎರಡು ಗೇಮ್ ಗೆದ್ದವರು ಗೆದ್ದಂತೆ. ಡೆಕ್‌ಗಳ ಬಗೆಗಳು ಹುಟ್ಟುವುದು ಈ ಸಂಖ್ಯೆಗಳ ಒತ್ತಡದಿಂದ.

ಆರಂಭದಿಂದಲೇ ದಾಳಿ ಮಾಡಿ ಬೇಗ ಗೆಲ್ಲಲು ನೋಡುವ ಅಗ್ರೋ ಡೆಕ್‌ನ ಲೆಕ್ಕ ನೋಡಿ. ‘ಲೈಟ್ನಿಂಗ್ ಬೋಲ್ಟ್’ ಒಂದು ಮಾನಾಗೆ 3 ಡ್ಯಾಮೇಜ್ ಕೊಡುತ್ತದೆ. ಅಂಥ ಏಳು ಸ್ಪೆಲ್ (ಲ್ಯಾಂಡ್ ಅಲ್ಲದ ಕಾರ್ಡ್) ಬಿದ್ದರೆ 21, ಅಲ್ಲಿಗೆ ಎದುರಾಳಿಯ ಕಥೆ ಮುಗಿಯಿತು. ಮೊದಲು ಆಡುವವರು ನಾಲ್ಕನೆಯ ಟರ್ನ್‌ಗೆ ಒಟ್ಟು 10 ಕಾರ್ಡ್ ಕಂಡಿರುತ್ತಾರೆ. 60ರಲ್ಲಿ 24 ಲ್ಯಾಂಡ್ ಇದ್ದರೆ ಆ ಹತ್ತರಲ್ಲಿ ಸರಾಸರಿ ನಾಲ್ಕು ಲ್ಯಾಂಡ್, ಉಳಿದದ್ದು ಆರು ಸ್ಪೆಲ್, ಅಂದರೆ 18 ಡ್ಯಾಮೇಜ್. ಎರಡು ಕಡಿಮೆ ಬಿತ್ತು. ಲ್ಯಾಂಡ್ 20ಕ್ಕೆ ಇಳಿಸಿದರೆ ಸರಾಸರಿ ಲ್ಯಾಂಡ್ 3.3, ಸ್ಪೆಲ್ 6.7. ಬರ್ನ್ (ಇಂಥ ಡ್ಯಾಮೇಜ್ ಸ್ಪೆಲ್‌ಗಳಿಂದಲೇ ಗೆಲ್ಲುವ ಡೆಕ್) ಆಡುವವರು 19–20 ಲ್ಯಾಂಡ್ ಇಟ್ಟುಕೊಳ್ಳುವುದಕ್ಕೆ ಕಾರಣ ಇದೇ. 1996ರಲ್ಲಿ ಜೇ ಶ್ನೈಡರ್ ರೂಪಿಸಿ ಪಾಲ್ ಸ್ಲೈ ಆಡಿದ ಕೆಂಪು ಡೆಕ್ ಈ ದಾರಿಯನ್ನು ಎಲ್ಲರಿಗೂ ತೋರಿಸಿತು: ಪ್ರತಿ ಟರ್ನ್‌ನಲ್ಲೂ ಇರುವ ಮಾನಾ ಪೂರ್ತಿ ಖರ್ಚಾಗುವಂತೆ ಒಂದು, ಎರಡು, ಮೂರು ಮಾನಾದ ಕಾರ್ಡ್‌ಗಳ ಸಂಖ್ಯೆಯನ್ನು ಹೊಂದಿಸುವುದು. ಮಾನಾ ಕರ್ವ್ ಎನ್ನುವುದು ಇದನ್ನೇ.

ಎದುರಾಳಿಯನ್ನು ತಡೆಯುತ್ತಾ ನಿಧಾನವಾಗಿ ಗೆಲ್ಲುವ ಕಂಟ್ರೋಲ್ ಡೆಕ್‌ಗೆ ಈ ಲೆಕ್ಕ ತಲೆಕೆಳಗು. ‘ರಾತ್ ಆಫ್ ಗಾಡ್’ ನಾಲ್ಕು ಮಾನಾಗೆ ಟೇಬಲ್ ಮೇಲಿನ ಎಲ್ಲ ಕ್ರೀಚರ್‌ಗಳನ್ನೂ (ದಾಳಿ ಮಾಡುವ ಜೀವಿಗಳ ಕಾರ್ಡ್‌ಗಳನ್ನೂ) ಅಳಿಸುತ್ತದೆ. ಒಂದು ಕಾರ್ಡ್ ಖರ್ಚು ಮಾಡಿ ಎದುರಾಳಿಯ ಮೂರು ಕಾರ್ಡ್ ತೆಗೆದರೆ ಎರಡು ಕಾರ್ಡ್ ಲಾಭ. ಆದರೆ ಅದನ್ನು ನಾಲ್ಕನೆಯ ಟರ್ನ್‌ನಲ್ಲೇ ಆಡಬೇಕಾದರೆ ನಾಲ್ಕು ಲ್ಯಾಂಡ್ ತಪ್ಪದೆ ಬಂದಿರಬೇಕು. ಅದಕ್ಕೇ ಇಲ್ಲಿ 25ರಿಂದ 27 ಲ್ಯಾಂಡ್. ಗೆಲ್ಲಿಸುವ ಕಾರ್ಡ್ ಮಾತ್ರ ಬಹಳ ಕಡಿಮೆ. ಬ್ರಯನ್ ವೈಸ್‌ಮನ್ ತೊಂಬತ್ತರ ದಶಕದಲ್ಲಿ ಕಟ್ಟಿದ ಹೆಸರಾಂತ ಕಂಟ್ರೋಲ್ ಡೆಕ್‌ನಲ್ಲಿ ‘ಸೆರಾ ಏಂಜೆಲ್’ ಎರಡೇ ಇದ್ದವು. ಮಿಡ್‌ರೇಂಜ್ ಈ ಎರಡರ ನಡುವಿನದು. ಕಪ್ಪು–ಕೆಂಪು–ಹಸಿರಿನ ಜುಂಡ್ ಡೆಕ್ ಮೊದಲ ಟರ್ನ್‌ನಲ್ಲಿ ‘ಥಾಟ್‌ಸೀಜ್’, ಎರಡನೆಯದರಲ್ಲಿ ‘ಟಾರ್ಮೊಗಾಯ್ಫ್’, ಮೂರನೆಯದರಲ್ಲಿ ‘ಲಿಲಿಯಾನಾ ಆಫ್ ದ ವೇಲ್’ ಆಡಿ, ತನ್ನ ಒಂದು ಕಾರ್ಡ್‌ಗೆ ಎದುರಾಳಿಯ ಒಂದು ಕಾರ್ಡ್ ತೆಗೆಯುತ್ತಾ ಹೋಗಿ, ಇಬ್ಬರ ಕೈಯೂ ಖಾಲಿಯಾದಾಗ ಟೇಬಲ್ ಮೇಲೆ ಉಳಿದ ಒಂದು ದೊಡ್ಡ ಕ್ರೀಚರ್‌ನಿಂದ ಗೆಲ್ಲುತ್ತದೆ.

ಲೇಖನದ ವಿಂಗಡಣೆ ಪೂರ್ತಿ ಕುಸಿಯುವುದು ನೀಲಿ–ಕೆಂಪಿನಲ್ಲಿ. ಸ್ಟಾರ್ಮ್, ಡೆಲ್ವರ್, ಸ್ಪ್ಲಿಂಟರ್ ಟ್ವಿನ್ ಮೂರೂ ನೀಲಿ–ಕೆಂಪಿನಲ್ಲಿ ಆಡಿಬಂದ ಡೆಕ್‌ಗಳು. ಸ್ಟಾರ್ಮ್ ಒಂದೇ ಟರ್ನ್‌ನಲ್ಲಿ ಸಾಲುಸಾಲು ಸ್ಪೆಲ್ ಆಡಿ ಗೆಲ್ಲುವ ಕಾಂಬೊ, ಅಂದರೆ ನಿರ್ದಿಷ್ಟ ಕಾರ್ಡ್‌ಗಳು ಒಟ್ಟಿಗೆ ಸೇರಿದರೆ ಗೆಲ್ಲುವ ಡೆಕ್. ಅದರ ಮುಂದೆ ಕ್ರೀಚರ್ ಕೊಲ್ಲುವ ಕಾರ್ಡ್ ಹಿಡಿದು ಕೂತರೆ ಅವು ಬಹುತೇಕ ಕೈಯಲ್ಲೇ ಕೊಳೆಯುತ್ತವೆ. ಡೆಲ್ವರ್ ಟೆಂಪೊ ಡೆಕ್. ‘ಡೆಲ್ವರ್ ಆಫ್ ಸೀಕ್ರೆಟ್ಸ್’ ಒಂದು ಮಾನಾದ 1/1 (ಹೊಡೆತ 1, ತಾಳಿಕೆ 1) ಕ್ರೀಚರ್. ಟರ್ನ್ ಆರಂಭದಲ್ಲಿ ಡೆಕ್‌ನ ಮೇಲಿನ ಕಾರ್ಡ್ ಇನ್‌ಸ್ಟಂಟ್ ಅಥವಾ ಸಾರ್ಸರಿ (ಒಮ್ಮೆ ಆಡಿದರೆ ಮುಗಿಯುವ ಸ್ಪೆಲ್) ಆಗಿದ್ದರೆ ಅದನ್ನು ತೋರಿಸಿ, ಡೆಲ್ವರನ್ನು ಹಾರುವ 3/2 ಆಗಿ ಬದಲಿಸಬಹುದು. 60ರಲ್ಲಿ ಅಂಥ ಕಾರ್ಡ್ 30 ಇದ್ದರೆ ಸಾಧ್ಯತೆ ಅರ್ಧದಷ್ಟು. 20ಕ್ಕೆ ಇಳಿದರೆ ಮೂರರಲ್ಲಿ ಒಂದು, ಆಗ ಡೆಕ್ ಕೆಲಸ ಮಾಡುವುದಿಲ್ಲ. ಇದರಲ್ಲಿ ಎದುರಾಳಿಯ ಸ್ಪೆಲ್ ರದ್ದು ಮಾಡುವ ಕೌಂಟರ್ ಸ್ಪೆಲ್‌ಗಳು ಸಾಕಷ್ಟಿರುವುದರಿಂದ ಹಲವರು ಇದನ್ನು ಕಂಟ್ರೋಲ್ ಎಂದು ಬರೆದುಬಿಡುತ್ತಾರೆ. ಯಾವುದು ಮೊದಲು ಟೇಬಲ್‌ಗೆ ಬಂತು ಎಂದು ನೋಡಿದರೆ ಗೊಂದಲ ಇರುವುದಿಲ್ಲ: ಟೆಂಪೊ ಮೊದಲು ಹೊಡೆಯುವ ಕ್ರೀಚರ್ ಇಳಿಸಿ ಆಮೇಲೆ ಅದನ್ನು ಕಾಯುತ್ತದೆ, ಕಂಟ್ರೋಲ್ ಮೊದಲು ಎದುರಾಳಿಯನ್ನು ತಡೆದು ಆಮೇಲೆ ಹೊಡೆಯುತ್ತದೆ.

ಸ್ಪ್ಲಿಂಟರ್ ಟ್ವಿನ್ ಇನ್ನೂ ಕಠಿಣ. ಎದುರಾಳಿಯ ಟರ್ನ್ ಮುಗಿಯುವ ಹೊತ್ತಿಗೆ ಮೂರು ಮಾನಾಗೆ ‘ಡಿಸೀವರ್ ಎಕ್ಸಾರ್ಕ್’ ಇಳಿಸುವುದು, ತನ್ನ ನಾಲ್ಕನೆಯ ಟರ್ನ್‌ನಲ್ಲಿ ಅದರ ಮೇಲೆ ನಾಲ್ಕು ಮಾನಾದ ‘ಸ್ಪ್ಲಿಂಟರ್ ಟ್ವಿನ್’ ಹಾಕುವುದು. ಎಕ್ಸಾರ್ಕನ್ನು ಟ್ಯಾಪ್ ಮಾಡಿದರೆ (ಬಳಸಿದ ಗುರುತಾಗಿ ಅಡ್ಡ ತಿರುಗಿಸಿದರೆ) ಅದರದೇ ಪ್ರತಿ ಹುಟ್ಟುತ್ತದೆ, ಆ ಪ್ರತಿ ಬಂದೊಡನೆ ಮೂಲ ಎಕ್ಸಾರ್ಕನ್ನು ಅನ್‌ಟ್ಯಾಪ್ ಮಾಡುತ್ತದೆ, ಮತ್ತೆ ಟ್ಯಾಪ್, ಮತ್ತೊಂದು ಪ್ರತಿ. ಬೇಕಾದಷ್ಟು ಪ್ರತಿಗಳು ಅದೇ ಟರ್ನ್‌ನಲ್ಲಿ ದಾಳಿ ಮಾಡುತ್ತವೆ. ಎಕ್ಸಾರ್ಕ್ 1/4 ಆದ್ದರಿಂದ ಒಂದು ಬೋಲ್ಟ್‌ಗೆ ಸಾಯುವುದಿಲ್ಲ. ಇಷ್ಟಾದರೆ ಕಾಂಬೊ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದೇ ಡೆಕ್‌ನಲ್ಲಿ ಬೋಲ್ಟ್, ‘ರಿಮ್ಯಾಂಡ್’, ‘ಸ್ನ್ಯಾಪ್‌ಕ್ಯಾಸ್ಟರ್ ಮೇಜ್’ ಇರುತ್ತಿದ್ದವು. ಸೈಡ್‌ಬೋರ್ಡ್ ನಂತರ ಟ್ವಿನ್‌ಗಳನ್ನು ಹೊರಗಿಟ್ಟು ಬರೀ ಇವುಗಳಿಂದಲೇ ಗೆಲ್ಲುತ್ತಿದ್ದರು. ಕಾಂಬೊ ತಡೆಯಲೆಂದು ಎದುರಾಳಿ ಪ್ರತಿ ಟರ್ನ್ ಮಾನಾ ಉಳಿಸಿಕೊಂಡು ಕೂತಷ್ಟೂ ಇವರಿಗೆ ಸಮಯ ಸಿಗುತ್ತಿತ್ತು. 2016ರ ಜನವರಿಯಲ್ಲಿ ಈ ಕಾರ್ಡನ್ನು ಮಾಡರ್ನ್ ಫಾರ್ಮ್ಯಾಟ್‌ನಲ್ಲಿ (ಯಾವ ಕಾರ್ಡ್ ಆಡಬಹುದೆಂದು ಗೊತ್ತುಮಾಡಿದ ಒಂದು ಸ್ಪರ್ಧಾ ವಿಭಾಗದಲ್ಲಿ) ನಿಷೇಧಿಸಿದರು, 2024ರ ಡಿಸೆಂಬರ್‌ನಲ್ಲಿ ನಿಷೇಧ ತೆಗೆದರು. ಇಂಥ ಡೆಕ್‌ಗೆ ಎರಡು ಹೆಸರು ಸೇರಿಸಿ ‘ಕಾಂಬೊ–ಟೆಂಪೊ’ ಎಂದು ಬರೆಯುವುದೇ ಸರಿ ಎಂಬುದು ನಮ್ಮ ನಿಲುವು.

ಹಾಗಾದರೆ ಕೈಗೆ ಸಿಕ್ಕ ಡೆಕ್‌ಲಿಸ್ಟನ್ನು ಹೇಗೆ ಗುರುತಿಸುವುದು? ಮೊದಲು ಲ್ಯಾಂಡ್ ಎಣಿಸಿ, ಉಳಿದದ್ದನ್ನು ಮಾನಾ ಬೆಲೆಯ ಪ್ರಕಾರ ಸಾಲಾಗಿ ಇಡಿ. ಆಮೇಲೆ ಎದುರಾಳಿ ಇಲ್ಲದೆ ಹತ್ತು ಗೇಮ್ ಆಡಿ ಎಷ್ಟನೆಯ ಟರ್ನ್‌ಗೆ 20 ಲೈಫ್ ಮುಗಿಯಿತು ಎಂದು ಬರೆದುಕೊಳ್ಳಿ. ಆಟಗಾರರು ಇದನ್ನು ಗೋಲ್ಡ್‌ಫಿಶಿಂಗ್ ಎನ್ನುತ್ತಾರೆ. ನಾಲ್ಕು–ಐದಕ್ಕೆ ಮುಗಿದರೆ ಅಗ್ರೋ ಅಥವಾ ಕಾಂಬೊ. ಏಳು ದಾಟಿದರೆ ಕಂಟ್ರೋಲ್ ಕಡೆಗೆ. ಅಗ್ರೋ, ಕಾಂಬೊಗಳನ್ನು ಬೇರ್ಪಡಿಸಲು ಒಂದು ಹೆಸರಿನ ನಾಲ್ಕು ಕಾರ್ಡ್‌ಗಳನ್ನು ತೆಗೆದು ಅಲ್ಲಿ ಬೇಸಿಕ್ ಲ್ಯಾಂಡ್ ಇಟ್ಟು ಮತ್ತೆ ಆಡಿ. ಗೆಲುವು ಒಂದು ಟರ್ನ್ ತಡವಾದರೆ ಅಗ್ರೋ. ಗೆಲುವೇ ಬಾರದಿದ್ದರೆ ಕಾಂಬೊ. ನಾಲ್ಕು ಪ್ರತಿ ಇಟ್ಟ ಕಾರ್ಡ್ ಆರಂಭದ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು 40%, ಹತ್ತರಲ್ಲಿ ಸುಮಾರು 53% ಮಾತ್ರ. ಆದ್ದರಿಂದ ಕಾಂಬೊ ಡೆಕ್‌ನಲ್ಲಿ ಕಾರ್ಡ್ ಹುಡುಕಿ ತರುವ ಸ್ಪೆಲ್‌ಗಳು ಕಡ್ಡಾಯ. ಅವು ಎಂಟಕ್ಕಿಂತ ಕಡಿಮೆ ಇದ್ದರೆ ಬೇರೆ ಯಾವುದೋ ಡೆಕ್‌ನೊಳಗೆ ಕಾಂಬೊ ಸೇರಿಸಿದ್ದಾರೆ ಎಂದು ಅನುಮಾನಿಸಿ.

‘ಉರ್ಜಾಸ್’ ಹೆಸರಿನ ಮೂರು ಲ್ಯಾಂಡ್ ಸೇರಿಸಿ ಮೂರನೆಯ ಟರ್ನ್‌ಗೇ 7 ಮಾನಾ ಪಡೆದು ‘ಕಾರ್ನ್ ಲಿಬರೇಟೆಡ್’ ಇಳಿಸುವ ಟ್ರಾನ್ ಡೆಕ್ ಈ ಪರೀಕ್ಷೆಯಲ್ಲಿ ಕಾಂಬೊ ಎಂದೇ ಕಾಣುತ್ತದೆ. ಆದರೆ ಆ ಲ್ಯಾಂಡ್‌ಗಳು ಸೇರಿದ ಮಾತ್ರಕ್ಕೆ ಗೇಮ್ ಮುಗಿಯುವುದಿಲ್ಲ, ದೊಡ್ಡ ಕಾರ್ಡ್‌ಗಳು ಬೇಗ ಬರುತ್ತವೆ ಅಷ್ಟೆ. ಅದನ್ನು ರ್‍ಯಾಂಪ್ ಎಂದು ಬೇರೆಯೇ ಇಡಬೇಕು.

ಹೆಸರು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯದು. 1999ರಲ್ಲಿ ಮೈಕ್ ಫ್ಲೋರೆಸ್ ಬರೆದ ಒಂದು ಪ್ರಬಂಧದ ಮುಖ್ಯ ಮಾತು ಇಂದಿಗೂ ನಿಂತಿದೆ: ಪ್ರತಿ ಪಂದ್ಯದಲ್ಲಿ ಇಬ್ಬರಲ್ಲಿ ಒಬ್ಬರು ದಾಳಿಕೋರರು, ಇನ್ನೊಬ್ಬರು ರಕ್ಷಕರು, ತನ್ನ ಪಾತ್ರ ಯಾವುದೆಂದು ತಪ್ಪು ತಿಳಿದವರು ಸೋಲುತ್ತಾರೆ. ಜುಂಡ್ ಬರ್ನ್ ಎದುರು ರಕ್ಷಕ. ಅದೇ ಜುಂಡ್ ಟ್ರಾನ್ ಎದುರು ದಾಳಿಕೋರ ಆಗದಿದ್ದರೆ ಏಳು ಮಾನಾ ಬಂದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಟೂರ್ನಿ ಫಲಿತಾಂಶದ ಪಟ್ಟಿಗಳಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಮೂರು ಬೇರೆ ಡೆಕ್‌ಗಳನ್ನು ‘ನೀಲಿ–ಕೆಂಪು’ ಎಂದು ಒಂದೇ ಸಾಲಿಗೆ ಹಾಕಿದರೆ ಅದು ಇಲ್ಲದ ದೊಡ್ಡ ಗುಂಪಾಗಿ ಕಾಣುತ್ತದೆ. ಮೂರು ಕಾರ್ಡ್ ಬದಲಾದ ಕೂಡಲೇ ಹೊಸ ಹೆಸರು ಕೊಟ್ಟರೆ ಪ್ರತಿ ಸಾಲಿನಲ್ಲೂ ಒಬ್ಬಿಬ್ಬರು ಉಳಿದು ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಗೆಲ್ಲುವ ದಾರಿ ಒಂದೇ ಆಗಿದ್ದು, ಲ್ಯಾಂಡ್ ಬಿಟ್ಟು ಎಂಟರೊಳಗೆ ಕಾರ್ಡ್ ವ್ಯತ್ಯಾಸವಿದ್ದರೆ ಒಂದೇ ಹೆಸರು ಸಾಕು ಎಂಬ ಅಳತೆಯನ್ನು ನಾವು ಸೂಚಿಸುತ್ತೇವೆ. ಶೇಕಡಾವಾರು ಬರೆಯುವಾಗಲೂ ಎಚ್ಚರ ಬೇಕು. 20 ಪಂದ್ಯದಲ್ಲಿ 12 ಗೆಲುವು ಎಂದರೆ 60%, ಆದರೆ ಅಷ್ಟು ಕಡಿಮೆ ಪಂದ್ಯಗಳಲ್ಲಿ ಎರಡೂ ಕಡೆ ಸುಮಾರು 21 ಶೇಕಡಾ ಅಂಕದಷ್ಟು ಏರಿಳಿತ ಸಹಜ. ನೂರು ಪಂದ್ಯವಾದರೂ ಸುಮಾರು 10 ಅಂಕದ ಅನಿಶ್ಚಿತತೆ ಉಳಿಯುತ್ತದೆ.

ಈ ವಿಂಗಡಣೆಯನ್ನು ಬೇರೆ ಆಟಗಳಿಗೆ ಹಾಗೇ ಹಚ್ಚಬಾರದು ಎಂಬುದನ್ನೂ ಸೇರಿಸುತ್ತೇವೆ. ಯು-ಗಿ-ಓ ಆಟದಲ್ಲಿ ಮಾನಾ ಇಲ್ಲ, ಮುಖ್ಯ ಡೆಕ್ 40ರಿಂದ 60 ಕಾರ್ಡ್, ಒಂದು ಕಾರ್ಡ್‌ಗೆ ಹೆಚ್ಚೆಂದರೆ ಮೂರು ಪ್ರತಿ. ಅಲ್ಲಿ ಮೊದಲು ಆಡಲು ಕಟ್ಟಿದ ಡೆಕ್ಕೋ, ಎರಡನೆಯವರಾಗಿ ಆಡಲು ಕಟ್ಟಿದ್ದೋ ಎಂಬುದು ಮೊದಲ ಪ್ರಶ್ನೆ. ಪೋಕೆಮಾನ್ ಆಟದಲ್ಲಿ ಎದುರಾಳಿಯ ಪೋಕೆಮಾನ್‌ಗಳನ್ನು ನಾಕ್‌ಔಟ್ ಮಾಡಿ ಆರು ಪ್ರೈಜ್ ಕಾರ್ಡ್ ತೆಗೆದವರು ಗೆಲ್ಲುತ್ತಾರೆ. ಎರಡು ಪ್ರೈಜ್ ಬಿಟ್ಟುಕೊಡುವ ದೊಡ್ಡ ಪೋಕೆಮಾನ್ ಮೇಲೆ ನಿಂತ ಡೆಕ್ ಮೂರು ನಾಕ್‌ಔಟ್‌ಗೆ ಸೋಲುತ್ತದೆ, ಒಂದೊಂದೇ ಪ್ರೈಜ್‌ನವನ್ನು ಆಡುವ ಡೆಕ್ಕನ್ನು ಸೋಲಿಸಲು ಆರು ನಾಕ್‌ಔಟ್ ಬೇಕು. ಅಲ್ಲಿ ಮುಖ್ಯ ಗೆರೆ ಇದು.

ಮುಂದೆ ಟೂರ್ನಿ ವರದಿ ಪ್ರಕಟಿಸುವಾಗ ಪ್ರತಿ ಡೆಕ್‌ಗೆ ಬಣ್ಣ, ಬಗೆ, ಲ್ಯಾಂಡ್ ಸಂಖ್ಯೆ, ಗೆಲ್ಲುವ ದಾರಿ, ಸೈಡ್‌ಬೋರ್ಡ್ ನಂತರದ ಬದಲಾವಣೆ ಇಷ್ಟನ್ನು ಒಂದು ಸಾಲಿನಲ್ಲಿ ಕೊಡಿ ಎಂದು ಕೋರುತ್ತೇವೆ. ಉದಾಹರಣೆಗೆ: ‘ನೀಲಿ–ಕೆಂಪು, ಟೆಂಪೊ, 18 ಲ್ಯಾಂಡ್, ಡೆಲ್ವರ್ ದಾಳಿ ಮತ್ತು ಬೋಲ್ಟ್, ಸೈಡ್‌ಬೋರ್ಡ್ ನಂತರವೂ ಅದೇ ಯೋಜನೆ.’ ಅರ್ಧ ಪುಟದಲ್ಲಿ ಮೊದಲ ಎಂಟು ಡೆಕ್‌ಗಳೂ ಹಿಡಿಸುತ್ತವೆ.

ಇಂತಿ,
ಕಾರ್ಡ್ ಆಟಗಾರರ ಬಳಗ, ಬೆಂಗಳೂರು