‘ಶುಗರ್ ಫ್ರೀ’ ಬರ್ಫಿಯಲ್ಲಿ ಏನಿದೆ ಅಂತ ಬರೆದಿಡಲಿ

ಮಾನ್ಯ ಸಂಪಾದಕರೇ,

ಮಧುಮೇಹ ಇರುವ ನಮ್ಮ ಅತ್ತೆಗೆಂದು ಊರಿನ ಒಂದು ಅಂಗಡಿಯಿಂದ ‘ಶುಗರ್ ಫ್ರೀ’ ಬರ್ಫಿ ತಂದಿದ್ದೆವು. ಸಕ್ಕರೆ ಇಲ್ಲವಲ್ಲ ಅಂತ ಅವರು ಧೈರ್ಯವಾಗಿ ತಿಂದರು. ರಾತ್ರಿಯೆಲ್ಲ ಹೊಟ್ಟೆ ಉಬ್ಬರ, ಭೇದಿ. ಸಿಹಿಗೆ ಏನು ಹಾಕಿದ್ದೀರಿ ಎಂದು ಕೇಳಿದರೆ ಅಂಗಡಿಯವರಿಗೇ ಗೊತ್ತಿಲ್ಲ.

ಇಂಥ ತಿನಿಸುಗಳಲ್ಲಿ ಹೆಚ್ಚಾಗಿ ಬಳಸುವುದು ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಶುಗರ್ ಆಲ್ಕೋಹಾಲ್‌ಗಳು. ಹೆಸರು ಕೇಳಿ ಹೆದರಬೇಡಿ, ಇವು ಅಮಲೇರಿಸುವುದಿಲ್ಲ. ಗ್ಲೂಕೋಸ್‌ಗೆ ಹೈಡ್ರೋಜನ್ ಸೇರಿಸಿದರೆ ಅದರ ಅಣುವಿನ ತುದಿಯಲ್ಲಿರುವ ಆಲ್ಡಿಹೈಡ್ ಎಂಬ ಪರಮಾಣುಗಳ ಗುಂಪು ಆಲ್ಕೋಹಾಲ್ ಗುಂಪಾಗುತ್ತದೆ. ಅದೇ ಸಾರ್ಬಿಟಾಲ್. ಅಷ್ಟು ಸಣ್ಣ ಬದಲಾವಣೆ ಸಾಕು, ಸಣ್ಣ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಜಾಸ್ತಿ ತಿಂದರೆ ಹೊಟ್ಟೆ ಕೆಡದೆ ಇರುತ್ತದೆಯೇ?

ಮಾಲ್ಟಿಟಾಲ್ ಲೆಕ್ಕಕ್ಕಿಲ್ಲದ್ದೂ ಅಲ್ಲ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಇದರಲ್ಲಿ ಸುಮಾರು 2. ಅದರ ಒಂದು ಭಾಗ ಗ್ಲೂಕೋಸ್ ಆಗಿ ರಕ್ತಕ್ಕೂ ಸೇರುತ್ತದೆ. ರಕ್ತದ ಸಕ್ಕರೆ ಏರಿಸಲು ಹಾಲಿನಲ್ಲೇ ಇರುವ ಸಕ್ಕರೆಯಾದ ಲ್ಯಾಕ್ಟೋಸ್, ಹಿಟ್ಟಿನ ಪಿಷ್ಟ ಬೇರೆ ಇದೆ.

ಪೊಟ್ಟಣದ ಮೇಲೆ ಆಹಾರಕ್ಕೆ ಬೆರೆಸಿದ ಪದಾರ್ಥದ ಸಂಕೇತವಾಗಿ ಐಎನ್‌ಎಸ್ 420 ಎಂದಿದ್ದರೆ ಸಾರ್ಬಿಟಾಲ್, 965 ಎಂದಿದ್ದರೆ ಮಾಲ್ಟಿಟಾಲ್. 967 ಎಂದರೆ ಝೈಲಿಟಾಲ್ ಎಂಬ ಇನ್ನೊಂದು ಶುಗರ್ ಆಲ್ಕೋಹಾಲ್, ಅದನ್ನು ಮನೆಯ ನಾಯಿಗೆ ಒಂದು ತುಂಡೂ ಹಾಕಬೇಡಿ, ನಾಯಿಗೆ ಅದು ವಿಷ. ಆದರೆ ತೂಕ ಹಾಕಿ ಕೊಡುವ ಸಿಹಿಯಲ್ಲಿ ಇದನ್ನೆಲ್ಲ ಎಲ್ಲಿ ಓದುವುದು? ಟ್ರೇ ಮುಂದೆಯೇ ಕನ್ನಡದಲ್ಲಿ ಹೆಸರು ಬರೆದಿಡಲಿ. ಆಹಾರ ಸುರಕ್ಷತಾ ಅಧಿಕಾರಿಗಳು ದೀಪಾವಳಿಗೆ ಮುಂಚೆಯೇ ಇದನ್ನು ಮಾಡಿಸಬೇಕು.

– ನಿವೃತ್ತ ರಸಾಯನ ವಿಜ್ಞಾನ ಶಿಕ್ಷಕಿ, ಹಾಸನ