ಕಂಸದೊಳಗಿನ ನಗು

ನೋಡಮ್ಮಾ,

ನಿನ್ನ ಹಾಸ್ಯ ನಾಟಕ ಓದಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. ಹಾಸ್ಟೆಲ್‌ನಲ್ಲಿ ಗೆಳತಿಯರು ಬಿದ್ದು ಬಿದ್ದು ನಕ್ಕರಂತೆ. ಸ್ಪರ್ಧೆಯಲ್ಲಿ ತೀರ್ಪುಗಾರರು ತುಟಿ ಕೂಡ ಅಲ್ಲಾಡಿಸಲಿಲ್ಲವಂತೆ. ಅದಕ್ಕೇ ಇನ್ನು ಬರೆಯುವುದೇ ಇಲ್ಲವಂತೆ. ಸರಿಹೋಯ್ತು! ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಪುಟಪುಟದಲ್ಲೂ ಕಂಸ ಹಾಕಿ ‘ಇಲ್ಲಿ ಜನ ನಗುತ್ತಾರೆ’ ಅಂತ ಬರೆದಿದ್ದೀಯಲ್ಲ, ಅದು.

ಅಮೆರಿಕದಲ್ಲಿ ಎಡ್ ವಿನ್ ಅಂತ ಒಬ್ಬ ರಂಗಭೂಮಿಯ ಹಾಸ್ಯನಟನಿದ್ದ. 1922ರಲ್ಲಿ, ರೇಡಿಯೋ ಆಗಷ್ಟೇ ಬಂದಿದ್ದಾಗ, ತನ್ನ ಪ್ರದರ್ಶನವನ್ನು ಪ್ರಸಾರ ಮಾಡಲು ನ್ಯೂಆರ್ಕ್ ಎಂಬ ಊರಿನ ರೇಡಿಯೋ ಕೇಂದ್ರಕ್ಕೆ ಹೋದ. ಜೋಕ್ ಹೇಳಿದ. ಯಾರೂ ನಗಲಿಲ್ಲ. ಗಾಬರಿಯಾಗಿ ಅಲ್ಲಿದ್ದ ಕೆಲಸದವರನ್ನೆಲ್ಲ ಕರೆಸಿ ಎದುರಿಗೆ ಕೂರಿಸಿಕೊಂಡ. 1932ರಲ್ಲಿ ರೇಡಿಯೋದಲ್ಲಿ ಭಾರಿ ಹೆಸರು ಮಾಡಿದಾಗಲೂ ವೇಷ, ಬಣ್ಣ ಹಾಕಿಕೊಂಡೇ ಮೈಕ್ ಮುಂದೆ ನಿಲ್ಲುತ್ತಿದ್ದ. ಮನೆಯಲ್ಲಿ ಕೇಳುವವರಿಗೆ ವೇಷ ಕಾಣುತ್ತಾ?

ಪಾಪ, ಅವನನ್ನು ಬೈಯುವುದಿಲ್ಲ. ನನಗೆ ಇಷ್ಟವಾದವನು ಮಾತ್ರ ಅಲ್ಲಿಯದೇ ಇನ್ನೊಬ್ಬ ಹಾಸ್ಯಗಾರ, ಫ್ರೆಡ್ ಅಲೆನ್. ಬಾಸ್ಟನ್ನಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಹುಡುಗ. ಹಲವು ಚೆಂಡುಗಳನ್ನು ಒಟ್ಟಿಗೆ ಹಾರಿಸಿ ಹಿಡಿಯುವ ಜಗ್ಲಿಂಗ್ ಆಟ ಕಲಿತು ರಂಗಕ್ಕೆ ಬಂದ. ಲೋಕದಲ್ಲೇ ಅತಿ ಕಳಪೆ ಆಟಗಾರ ಅಂತ ತನ್ನನ್ನೇ ಕರೆದುಕೊಂಡು, ಮಾತಿನಲ್ಲೇ ನಗಿಸಿದ. ಅವನೂ 1932ರಲ್ಲೇ ರೇಡಿಯೋಗೆ ಬಂದವನು. ರಂಗದಲ್ಲಾದರೆ ಒಂದೇ ಪ್ರಹಸನವನ್ನು ಊರೂರಿಗೆ ಹೊತ್ತು ವರ್ಷಗಟ್ಟಲೆ ಆಡಬಹುದು. ರೇಡಿಯೋಗೆ ವಾರವಾರವೂ ಹೊಸದು ಬೇಕು. ಅವನು ಕೂತು ಬರೆದ. ಸ್ಟುಡಿಯೋದಲ್ಲಿ ಜನರನ್ನು ಕೂರಿಸುವುದು ಅವನಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ಹಾಸ್ಯಗಾರರು ಅವರನ್ನು ನಗಿಸಲು ಮುಖ ಕಿವುಚುತ್ತಾರೆ, ಮನೆಯಲ್ಲಿ ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ ಅನ್ನುವುದು ಅವನ ತಕರಾರು.

ನನ್ನದೂ ಅದೇ. ನನ್ನ ಬಾನುಲಿ ನಾಟಕವೊಂದನ್ನು ಆಹ್ವಾನಿತರ ಮುಂದೆ ಧ್ವನಿಮುದ್ರಿಸಿದರು. ಒಬ್ಬ ನಟ, ಹೆಸರು ಬೇಡ, ನಡುವೆ ಸುಮ್ನೆ ಪಂಚೆ ಎತ್ತಿ ಕಟ್ಟಿ ಕುಣಿದ. ಸಭೆ ಗೊಳ್ಳೆಂದಿತು. ಪ್ರಸಾರವಾದ ದಿನ ಅಮ್ಮ ಕೇಳಿದಳು: “ಯಾಕೋ ಹಾಗೆ ನಕ್ಕರು? ನಿನ್ನ ಮಾತೇ ಕೇಳಿಸಲಿಲ್ಲವಲ್ಲೋ.” ಆ ಪುಣ್ಯಾತ್ಮನ ಮೇಲೆ ಇವತ್ತಿಗೂ ಸಿಟ್ಟಿದೆ. ಆಮೇಲೆ ಅವನಿಗೆ ಪಾತ್ರಗಳು ಜಾಸ್ತಿಯೇ ಸಿಕ್ಕವು ಬಿಡು.

ಗೆಳತಿಯರು ನಕ್ಕಿದ್ದು ನೀನು ವಾರ್ಡನ್ ದನಿ ತೆಗೆದಿದ್ದಕ್ಕೆ ಅಂತ ನೀನೇ ಬರೆದಿದ್ದೀಯ. ತೀರ್ಪುಗಾರರು ನಿನ್ನ ವಾರ್ಡನ್‌ಳನ್ನು ಎಲ್ಲಿ ಕಂಡಿದ್ದರು? ಆದರೆ ಮೂರನೇ ದೃಶ್ಯದಲ್ಲಿ ಸಾಲ ವಸೂಲಿಗೆ ಬಂದವನಿಗೆ ಅಜ್ಜಿ ಕಾಫಿ ಕೊಟ್ಟು, “ಇದನ್ನು ಬಡ್ಡಿಯಲ್ಲಿ ಮುರಕೊಳ್ಳಪ್ಪ” ಅನ್ನುತ್ತಾಳಲ್ಲ, ಅಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕೆ ಕಣಮ್ಮಾ. ಅಲ್ಲಿ ನೀನು ಕಂಸವನ್ನೇ ಹಾಕಿಲ್ಲ!

ಅಜ್ಜಿಯನ್ನು ಮುಟ್ಟಬೇಡ. ವಾರ್ಡನ್‌ಳನ್ನು ತೆಗೆದು ಯುಗಾದಿಯೊಳಗೆ ಮತ್ತೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಕಳಿಸಿದ ಮಾರನೇ ದಿನವೇ ಫೋನ್ ಮಾಡಿ “ಓದಿದಿರಾ ಸಾರ್” ಅಂತ ಪ್ರಾಣ ತಿನ್ನಬೇಡ.