ಮುಖಪುಟದ ತಪ್ಪಿಗೆ ಮುಖಪುಟದಲ್ಲೇ ತಿದ್ದುಪಡಿ: ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಪತ್ರಿಕೆ ಮುಖಪುಟದಲ್ಲಿ ಮಾಡಿದ ತಪ್ಪನ್ನು ಮುಖಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದಬೇಕು. ಇದೊಂದನ್ನು ನಿಯಮ ಮಾಡಿ ಎಂದು ಕೇಳಲು ಈ ಪತ್ರ. ಏಕೆ ಎಂದರೆ ಬ್ರಿಟನ್ನಿನ ‘ದಿ ಸನ್’ ದಿನಪತ್ರಿಕೆಯ ಚರಿತ್ರೆ ನೋಡಿ.

1964ರಲ್ಲಿ ‘ಡೈಲಿ ಹೆರಾಲ್ಡ್’ನ ಜಾಗಕ್ಕೆ ಬಂದ ಈ ದೊಡ್ಡ ಹಾಳೆಯ ಪತ್ರಿಕೆಯನ್ನು 1969ರಲ್ಲಿ ರೂಪರ್ಟ್ ಮರ್ಡೋಕ್ ಕೊಂಡು, ಆ ನವೆಂಬರಿನಲ್ಲೇ ಟ್ಯಾಬ್ಲಾಯ್ಡ್ ಮಾಡಿದರು. ಟ್ಯಾಬ್ಲಾಯ್ಡ್ ಪುಟ ಚಿಕ್ಕದು. ಒಂದು ಫೋಟೊ, ಮೂರ್ನಾಲ್ಕು ಪದಗಳ ತಲೆಬರಹ ಹಾಕಿದರೆ ಮುಖಪುಟ ತುಂಬಿತು. ‘ಆರೋಪ’, ‘ಎನ್ನಲಾಗಿದೆ’ ಎಂಬ ಪದಗಳು ಮೊದಲು ಕತ್ತರಿಗೆ ಸಿಗುವುದು ಅಲ್ಲೇ.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು ಬಲಿ ಪಡೆಯಿತು. ಒಟ್ಟು 97 ಜೀವ. ನಾಲ್ಕು ದಿನದ ಮೇಲೆ ‘ಸನ್’ ಮುಖಪುಟದಲ್ಲಿ ‘ದಿ ಟ್ರೂತ್’ ಎಂಬ ಭಾರೀ ತಲೆಬರಹ. ಅದರ ಕೆಳಗೆ ಮೂರು ಸಾಲು: ಕೆಲವು ಅಭಿಮಾನಿಗಳು ಬಲಿಯಾದವರ ಜೇಬಿಗೆ ಕೈ ಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತಿದ್ದ ಪೇದೆಗೆ ಹೊಡೆದರು. ಇದೆಲ್ಲ ಕೆಲವು ಪೊಲೀಸರೂ ಒಬ್ಬ ಸಂಸದರೂ ಹೇಳಿದ್ದು, ಸುದ್ದಿಸಂಸ್ಥೆಯೊಂದರ ಮೂಲಕ ಬಂದದ್ದು. ಸಂಪಾದಕ ಕೆಲ್ವಿನ್ ಮೆಕೆಂಜಿ ಕೊಟ್ಟ ಆ ಶೀರ್ಷಿಕೆ ಬರೀ ಹೇಳಿಕೆಯನ್ನು ಸತ್ಯವೆಂದು ಸಾರಿತು. ಲಿವರ್‌ಪೂಲ್‌ನಲ್ಲಿ ಜನ ಪತ್ರಿಕೆಯನ್ನೇ ಬಹಿಷ್ಕರಿಸಿದರು. ಮುಖಪುಟದಲ್ಲಿ ಕ್ಷಮೆ ಬಂದದ್ದು 2012ರ ಸೆಪ್ಟೆಂಬರ್ 13ರಂದು, ಆ ಆರೋಪಗಳಿಗೆ ಆಧಾರವಿಲ್ಲ ಎಂದ ಸ್ವತಂತ್ರ ಸಮಿತಿಯ ವರದಿ ಹೊರಬಿದ್ದ ಮರುದಿನ. 23 ವರ್ಷ! ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಂದಿರು ಅದನ್ನು ನೋಡದೆಯೇ ಹೋದರು.

2016ರಲ್ಲಿ ಅದೇ ಪತ್ರಿಕೆ ‘ರಾಣಿ ಬ್ರೆಕ್ಸಿಟ್ ಪರ’, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಡುವುದರ ಪರ, ಎಂದು ಮುಖಪುಟದಲ್ಲಿ ಬರೆಯಿತು. ಅಲ್ಲಿನ ಪತ್ರಿಕಾ ನಿಯಂತ್ರಣ ಸಂಸ್ಥೆ ಇಪ್ಸೊ, ತಲೆಬರಹ ದಾರಿ ತಪ್ಪಿಸುವಂಥದ್ದು ಎಂದು ಹೇಳಿ ತನ್ನ ತೀರ್ಪನ್ನು 2ನೇ ಪುಟದಲ್ಲಿ ಹಾಕಿಸಿತು, ಮುಖಪುಟದಲ್ಲಿ ಅದರ ಸೂಚನೆಯನ್ನೂ ಕೊಡಿಸಿತು. ಸಾಲದು, ಆದರೂ ಎರಡು ತಿಂಗಳ ಚಿಲ್ಲರೆಯಲ್ಲಿ ಆದ ಕೆಲಸ.

ನಮ್ಮ ದೇಶದ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್) 1978ರ ಪತ್ರಿಕಾ ಮಂಡಳಿ ಕಾಯ್ದೆಯ ಸೆಕ್ಷನ್ 14ರಡಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಅಷ್ಟೇ. ದಂಡದ ಅಧಿಕಾರ ನಾವು ಕೇಳುತ್ತಿಲ್ಲ. ಸರ್ಕಾರಿ ಜಾಹೀರಾತು ಕಡಿತವಂತೂ ಬೇಡವೇ ಬೇಡ, ಅದು ಸರ್ಕಾರದ ಕೈಗೆ ಕತ್ತಿ ಕೊಟ್ಟಂತೆ. ಸೆಕ್ಷನ್ 14(2) ತೆರೆದು ನೋಡಿ: ವಿಚಾರಣೆಯ ವಿವರವನ್ನು ತಾನು ಹೇಳಿದ ರೀತಿಯಲ್ಲಿ ಪ್ರಕಟಿಸಲು ಪತ್ರಿಕೆಗೆ ಸೂಚಿಸುವ ಅಧಿಕಾರ ಮಂಡಳಿಗೆ ಈಗಾಗಲೇ ಇದೆ. ಆ ‘ರೀತಿ’ ಏನೆಂಬುದು ಕಾಯ್ದೆಯಲ್ಲೇ ಸ್ಪಷ್ಟವಾಗಲಿ. ಅದೇ ಪುಟ, ಅಷ್ಟೇ ಕಾಲಂ ಅಗಲ, ಅಕ್ಷರಕ್ಕೆ ಅದೇ ಪಾಯಿಂಟ್ ಗಾತ್ರ, ತೀರ್ಪು ಬಂದ 7 ದಿನದೊಳಗೆ. ಬರೀ ‘ಸ್ಪಷ್ಟನೆ’ ಎಂದು ತಲೆಬರಹ ಕೊಟ್ಟರೆ ಯಾರೂ ಓದುವುದಿಲ್ಲ. ಯಾವ ಸುದ್ದಿ, ಯಾವ ತಪ್ಪು ಎಂಬುದು ತಲೆಬರಹದಲ್ಲೇ ಇರಬೇಕು. ಇ-ಪೇಪರ್‌ನ ಹಳೆಯ ಪುಟದ ಮೇಲೂ ತಿದ್ದುಪಡಿಯ ಗುರುತು ಬೀಳಬೇಕು. ಪ್ರಕಟಿಸದಿದ್ದರೆ ಮಂಡಳಿ ನೇರ ಹೈಕೋರ್ಟಿಗೆ ಹೋಗುವಂತಾಗಲಿ.

ದಿನಪತ್ರಿಕೆಯ ವಿರುದ್ಧ ದೂರು ಕೊಡಲು ಓದುಗನಿಗೆ 2 ತಿಂಗಳ ಗಡುವಿದೆ. ತೀರ್ಪು ಕೊಡಲು ಮಂಡಳಿಗೂ ಒಂದು ಗಡುವು ಹಾಕಿ.

ಇಂತಿ,
ಸುದ್ದಿಮನೆಯ ಉಪಸಂಪಾದಕರು